ಯಲ್ಲಾಪುರದಿಂದ ಹಾನ್ಲೆಗೆ: ಹತ್ತು ವರ್ಷದ ಬೊಲೆರೊವನ್ನು ಸಜ್ಜು ಮಾಡಿದ ಬಗೆ

ಮೇ ತಿಂಗಳ ಒಂದು ಬೆಳಿಗ್ಗೆ. ಯಲ್ಲಾಪುರದ ಗ್ಯಾರೇಜಿನ ಗುಂಡಿಗೆ ಇಳಿದ ನಮ್ಮ ಮೆಕ್ಯಾನಿಕ್ ಸಣ್ಣ ಸುತ್ತಿಗೆಯಿಂದ ಬೊಲೆರೊದ ಚಾಸಿಯನ್ನು ಬಡಿಯುತ್ತಾ ಹೋದರು. ಟಣ್, ಟಣ್, ಟಣ್. ಎಡಗಡೆ ಹಿಂದಿನ ಬಾಗಿಲಿನ ಕೆಳಗೆ ಬಂದಾಗ ಸದ್ದು ಬದಲಾಯಿತು. ಡಬ್. ಇನ್ನೊಮ್ಮೆ ಬಡಿದರು. ಮತ್ತೆ ಡಬ್. ತಲೆ ಎತ್ತಿ ನನ್ನ ಕಡೆ ನೋಡಿ, "ಮೊದಲು ಇದು. ಲಡಾಖ್ ಆಮೇಲೆ" ಅಂದರು.

ಅಂದು ನನ್ನ ಜೇಬಿನಲ್ಲಿ ಒಂದು ಉದ್ದದ ಪಟ್ಟಿ ಇತ್ತು. ಮೇಲೆ ಕೂರಿಸುವ ಟೆಂಟು, ಎಲ್‌ಇಡಿ ಲೈಟ್ ಬಾರ್, ಮುಂದಿನ ಕಬ್ಬಿಣದ ಗಾರ್ಡು, ಎರಡನೇ ಸ್ಟೆಪ್ನಿ, ದೊಡ್ಡ ಟೈರು. ಎಲ್ಲವೂ ಗಾಡಿಗೆ ಸೇರಿಸುವ ವಸ್ತುಗಳೇ. ಗಾಡಿಯಲ್ಲಿ ಆಗಲೇ ಇರುವುದರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಮುಂದಿನ ನಾಲ್ಕು ತಿಂಗಳಲ್ಲಿ ಆ ಪಟ್ಟಿ ಹೇಗೆ ತಿರುವುಮುರುವಾಯಿತು, ಹೋಗಿ ಬಂದ ಮೇಲೆ ಯಾವುದು ಸರಿ ಅನ್ನಿಸಿತು, ಎಲ್ಲಿ ತಪ್ಪಿದೆವು ಎನ್ನುವುದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಹಳೆಯ ಗಾಡಿಯಲ್ಲಿ ದೂರ ಹೋಗುವ ಆಸೆ ಇರುವ ಯಾರಿಗಾದರೂ ಉಪಯೋಗ ಆಗಲಿ ಅಂತ.

ಗಾಡಿ, ದಾರಿ, ಕಾರಣ

ಗಾಡಿ 2014ರ ಬೊಲೆರೊ. 2523 ಸಿಸಿ ಟರ್ಬೊ ಡೀಸೆಲ್, 63 ಕುದುರೆಶಕ್ತಿ. ಹಿಂದಿನ ಚಕ್ರಕ್ಕೆ ಮಾತ್ರ ಎಳೆತ, ಫೋರ್ ವೀಲ್ ಡ್ರೈವ್ ಅಲ್ಲ. ಹೊರಡುವ ಹೊತ್ತಿಗೆ 1,38,000 ಕಿಲೋಮೀಟರ್ ಓಡಿತ್ತು. ಹತ್ತು ವರ್ಷ ಅಡಿಕೆ ಮೂಟೆ, ಗೊಬ್ಬರ, ಕೆಲಸದವರು, ಮದುವೆ ಮನೆಯ ಪಾತ್ರೆ ಎಲ್ಲ ಹೊತ್ತಿದೆ. ಮಳೆಗಾಲದ ನಾಲ್ಕು ತಿಂಗಳು ಕೆಸರಿನಲ್ಲೇ ಇರುತ್ತದೆ.

ಕಾರಣ ಆಕಾಶ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಎರಡು ಮೀಟರ್ ಕನ್ನಡಿಯ ದೂರದರ್ಶಕ. ಅದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದು. ಅದನ್ನು ಉಪಗ್ರಹದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ. ಹೊಸಕೋಟೆಯ ಕೋಣೆಯಲ್ಲಿ ಕುಳಿತವರು ಗುಂಡಿ ಒತ್ತಿದರೆ ಹಾನ್ಲೆಯ ಬೆಟ್ಟದ ಮೇಲೆ ಟೆಲಿಸ್ಕೋಪ್ ತಿರುಗುತ್ತದೆ! ಭೌತಶಾಸ್ತ್ರದ ಮೇಷ್ಟ್ರಾಗಿರುವ ನನ್ನ ಗೆಳೆಯ ಇದನ್ನು ಹತ್ತಾರು ವರ್ಷದಿಂದ ಹೇಳುತ್ತಲೇ ಬಂದಿದ್ದ. 2022ರಲ್ಲಿ ಆ ಜಾಗ ಕತ್ತಲೆ ಆಕಾಶದ ರಕ್ಷಿತ ಪ್ರದೇಶವೂ ಆಯಿತು. 2024ರ ಸೆಪ್ಟೆಂಬರ್ ಕೊನೆಗೆ ಚುಚಿನ್‌ಶಾನ್–ಅಟ್ಲಾಸ್ ಧೂಮಕೇತು ಸೂರ್ಯನಿಗೆ ಹತ್ತಿರ ಬರುತ್ತದೆ, ಅಕ್ಟೋಬರ್ 2ಕ್ಕೆ ಅಮಾವಾಸ್ಯೆ. ಈ ಎರಡನ್ನೂ ಅವನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಸುತ್ತಿಟ್ಟ ಮೇಲೆ ವಾದ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ನಾನು, ತಮ್ಮ, ಮೇಷ್ಟ್ರು. ಮೂವರು.

ದಾರಿಯ ವಿಷಯದಲ್ಲಿ ಒಂದು ತೊಡಕಿತ್ತು. ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಅಂತ ಹಸಿರು ನ್ಯಾಯಮಂಡಳಿ 2015ರಲ್ಲೇ ಆದೇಶ ಮಾಡಿತ್ತು. ನಮ್ಮ ಗಾಡಿಗೆ ಫೆಬ್ರವರಿಯಲ್ಲೇ ಹತ್ತು ತುಂಬಿತ್ತು. ಆದರೆ ನೋಡಿ, ನಮ್ಮ ಮನೆಯ ಹತ್ತಿರ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 52 ಅಂಕೋಲಾದಿಂದ ಹೊರಟು ಹುಬ್ಬಳ್ಳಿ, ವಿಜಯಪುರ, ಸೋಲಾಪುರ, ಇಂದೋರ್, ಕೋಟಾ, ಜೈಪುರ, ಹಿಸಾರ್ ಮೂಲಕ ಪಂಜಾಬಿನ ಸಂಗ್ರೂರ್‌ವರೆಗೆ ಹೋಗುತ್ತದೆ. ಸುಮಾರು 2,300 ಕಿಲೋಮೀಟರ್. ದೆಹಲಿ ನಗರದೊಳಗೆ ಹೋಗಬೇಕಾಗಿಲ್ಲ. ದಿನಾ ಹಾಲು ತರಲು ದಾಟುವ ರಸ್ತೆಯೇ ಮುಕ್ಕಾಲು ದಾರಿ ತಲುಪಿಸುತ್ತದೆ ಅಂತ ಗೊತ್ತಾದ ದಿನ ಆದ ಸಂತೋಷ ಅಷ್ಟಿಷ್ಟಲ್ಲ. ಸಂಗ್ರೂರಿನಿಂದ ಪಟಿಯಾಲ, ಮಂಡಿ, ಮನಾಲಿ. ಅಲ್ಲಿಂದ ಲೇಹ್. ಲೇಹ್‌ನಿಂದ ಹಾನ್ಲೆಗೆ ಇನ್ನೂ 250 ಕಿಲೋಮೀಟರ್ ಚಿಲ್ಲರೆ.

ತಳದಿಂದ ಶುರು

ಡಬ್ ಅಂದ ಜಾಗಕ್ಕೆ ವಾಪಸ್ ಬರುತ್ತೇನೆ. ಬೊಲೆರೊದಲ್ಲಿ ಚಾಸಿ ಬೇರೆ, ಬಾಡಿ ಬೇರೆ. ಬಾಡಿಯನ್ನು ರಬ್ಬರ್ ಬುಷ್ ಇಟ್ಟು ಬ್ರಾಕೆಟ್‌ಗಳ ಮೇಲೆ ಕೂರಿಸಿ ಬೋಲ್ಟ್ ಹಾಕಿರುತ್ತಾರೆ. ನಮ್ಮದರ ಒಂದು ಬ್ರಾಕೆಟ್ಟಿನ ಮೂಲೆಯಲ್ಲಿ ಹತ್ತು ವರ್ಷದ ಕೆಸರು ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರಿನಿಂದ ಅದನ್ನು ಕೆರೆದಾಗ ಜೊತೆಗೆ ತುಕ್ಕಿನ ಹಾಳೆಗಳೂ ಉದುರಿದವು, ಹಳೆಯ ಹಪ್ಪಳದ ಹಾಗೆ. ಹೊರಗಿನ ಬಣ್ಣ ಮಾತ್ರ ನೆಟ್ಟಗಿತ್ತು. ವರ್ಷವಿಡೀ ಸರ್ವಿಸ್ ಮಾಡಿಸಿದ್ದರೂ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸರ್ವಿಸ್ ಅಂದರೆ ಆಯಿಲ್, ಫಿಲ್ಟರ್, ವಾಟರ್ ವಾಶ್ ಅಷ್ಟೇ ಅಲ್ವಾ.

ಇಂಥ ಬ್ರಾಕೆಟ್ ಊರಿನ ರಸ್ತೆಯಲ್ಲಿ ಇನ್ನೂ ಎರಡು ವರ್ಷ ತಡೆಯುತ್ತಿತ್ತೋ ಏನೋ. ಆದರೆ ದಿನಗಟ್ಟಲೆ ಒಂದೇ ಸಮನೆ ಕುಲುಕುವ ರಸ್ತೆಯಲ್ಲಿ ಅಲ್ಲ. ಬ್ರಾಕೆಟ್ ಕತ್ತರಿಸಿ ಹೊಸದು ವೆಲ್ಡ್ ಮಾಡಿದೆವು. ಎಲ್ಲ ಬುಷ್ ಬದಲಾಯಿಸಿದೆವು. ಇಡೀ ತಳ ತೊಳೆದು, ಒಣಗಿಸಿ, ತುಕ್ಕು ತಡೆಯುವ ಪ್ರೈಮರ್ ಹಾಕಿ ಬಣ್ಣ ಬಳಿದೆವು. ಇದಕ್ಕೇ ಎಂಟು ದಿನ ಹಿಡಿಯಿತು. ನನ್ನ ಪಟ್ಟಿಯಲ್ಲಿದ್ದ ಯಾವ ವಸ್ತುವಿಗೂ ಇಷ್ಟು ಸಮಯ ಬೇಕಿರಲಿಲ್ಲ.

ಹಿಂದಿನ ಕಮಾನು ಪ್ಲೇಟುಗಳು ಮೂಟೆ ಹೊತ್ತು ಚಪ್ಪಟೆಯಾಗಿದ್ದವು. ಇಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ: "ಇನ್ನೊಂದು ಪ್ಲೇಟ್ ಸೇರಿಸಿ." ಮೆಕ್ಯಾನಿಕ್ ಒಪ್ಪಲಿಲ್ಲ. ಪ್ಲೇಟ್ ಸೇರಿಸಿದರೆ ಗಾಡಿ ಎತ್ತರ ಕಾಣುತ್ತದೆ, ಆದರೆ ಕಮಾನು ಬಗ್ಗುವುದು ಕಡಿಮೆಯಾಗುತ್ತದೆ. ಬಗ್ಗದ ಕಮಾನು ಗುಂಡಿಯ ಏಟನ್ನೆಲ್ಲ ಚಾಸಿಗೆ ದಾಟಿಸುತ್ತದೆ. ಹಾಗಾಗಿ ಕಂಪನಿ ಕೊಟ್ಟಷ್ಟೇ ಪ್ಲೇಟಿನ ಹೊಸ ಸೆಟ್, ಹೊಸ ಶಾಕಲ್ ಬುಷ್, ಹೊಸ ಯು ಬೋಲ್ಟ್, ನಾಲ್ಕೂ ಶಾಕ್ ಅಬ್ಸಾರ್ಬರ್ ಹೊಸವು. ಜೊತೆಗೆ ಒಂದು ತಾಕೀತು: ಸಾವಿರ ಕಿಲೋಮೀಟರ್ ಒಳಗೆ ಯು ಬೋಲ್ಟ್ ಮತ್ತೆ ಬಿಗಿಮಾಡಲೇಬೇಕು. ಹೊಸ ಪ್ಲೇಟುಗಳು ಒಂದರ ಮೇಲೊಂದು ಕೂತುಕೊಂಡ ಮೇಲೆ ಬೋಲ್ಟ್ ಸಡಿಲವಾಗುತ್ತದೆ. ಇಂದೋರ್ ತಲುಪುವ ಮುನ್ನ ಒಂದು ಧಾಬಾದ ಮುಂದೆ ಸ್ಪ್ಯಾನರ್ ಹಾಕಿದಾಗ ನಿಜಕ್ಕೂ ನಾಲ್ಕರಲ್ಲಿ ಮೂರು ಕಾಲು ಸುತ್ತು ತಿರುಗಿದವು.

ತೂಕ

ಅಡಿಕೆ ಬೆಳೆಯುವ ಊರಲ್ಲಿ ವೇ ಬ್ರಿಡ್ಜ್ ಹುಡುಕಬೇಕಾಗಿಲ್ಲ. ಆಗಸ್ಟ್ ಮೊದಲ ವಾರ, ಒಯ್ಯಬೇಕು ಅಂದುಕೊಂಡ ಸಾಮಾನೆಲ್ಲ ಹೇರಿಕೊಂಡು ಮೂವರೂ ಕೂತು ಗಾಡಿಯನ್ನು ತೂಗಿಸಿದೆವು. 2,290 ಕಿಲೋ. ನಂತರ ಮೂಟೆಗಳನ್ನು ಹೊತ್ತು ಅಭ್ಯಾಸವಿರುವ ಅದೇ ಗಾಡಿಯ ಖಾಲಿ ತೂಕವನ್ನು ಆರ್‌ಸಿಯಲ್ಲಿ ನೋಡಿ ಲೆಕ್ಕ ಹಾಕಿದೆವು. ಆರು ಕ್ವಿಂಟಲ್ ಮೇಲಿತ್ತು ಹೇರಿದ್ದು! ಅದರಲ್ಲಿ ನಮ್ಮ ಮೂವರ ತೂಕ ಬರೀ 210.

ಅಂದು ರಾತ್ರಿ ಜಗಲಿಯ ಮೇಲೆ ಸಾಮಾನೆಲ್ಲ ಹರಡಿ ಒಂದೊಂದನ್ನೇ ಕೇಳಿದೆವು: ಇದು ಇಲ್ಲದಿದ್ದರೆ ಏನಾಗುತ್ತದೆ? ಟೆಂಟ್ ಇಲ್ಲದಿದ್ದರೆ ಹೋಮ್ ಸ್ಟೇನಲ್ಲಿ ಮಲಗುತ್ತೇವೆ. ಹಾನ್ಲೆಯಲ್ಲಿ ಊರಿನವರೇ ಮನೆಗಳಲ್ಲಿ ಇಳಿಸಿಕೊಳ್ಳುತ್ತಾರೆ, ಅವರಿಗೂ ನಾಲ್ಕು ಕಾಸು ಆಗುತ್ತದೆ. ಟೆಂಟ್ ಹೋಯಿತು. ಕಬ್ಬಿಣದ ಗಾರ್ಡನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ, ಅದೂ ಹೋಯಿತು. ಎರಡನೇ ಸ್ಟೆಪ್ನಿಯ ಬದಲು ಪಂಕ್ಚರ್ ಕಿಟ್ ಮತ್ತು ಗಾಡಿಯ ಬ್ಯಾಟರಿಯಿಂದ ಓಡುವ ಸಣ್ಣ ಕಂಪ್ರೆಸರ್. ಗ್ಯಾಸ್ ಸಿಲಿಂಡರ್ ಬದಲು ಒಂದು ದೊಡ್ಡ ಫ್ಲಾಸ್ಕ್. ಮೇಲಿನ ಕ್ಯಾರಿಯರನ್ನೇ ಬಿಚ್ಚಿಟ್ಟೆವು. ಭಾರ ಮೇಲಿದ್ದಷ್ಟೂ ತಿರುವಿನಲ್ಲಿ ಗಾಡಿ ಓಲಾಡುತ್ತದೆ, ಗಾಳಿಗೆ ತಡೆಯೂ ಜಾಸ್ತಿ.

ಲೈಟ್ ಬಾರ್ ವಿಷಯದಲ್ಲಿ ತಮ್ಮನಿಗೆ ಬೇಸರವಾಯಿತು. ಅವನು ದುಡ್ಡು ಕೊಟ್ಟು ತಂದಿಟ್ಟಿದ್ದ. ಮೇಷ್ಟ್ರು ಸಮಾಧಾನವಾಗಿ ಹೇಳಿದ: "ನಾವು ಹೋಗ್ತಿರೋದೇ ಕತ್ತಲೆ ನೋಡೋದಕ್ಕೆ. ಅಲ್ಲಿ ಮನೆಗಳವರೇ ಕಿಟಕಿಗೆ ದಪ್ಪ ಪರದೆ ಹಾಕ್ತಾರೆ. ನಾವು ಇದನ್ನ ಹಚ್ಕೊಂಡು ಹೋಗೋದಾ?" ಹಾನ್ಲೆಯಲ್ಲಿ ರಾತ್ರಿ ಹೆಡ್‌ಲೈಟ್ ಹೈ ಬೀಮ್ ಹಾಕಿದರೆ ಅದು ಪಕ್ಕದಲ್ಲಿ ಆಕಾಶ ನೋಡುತ್ತಿರುವವರ ಕಣ್ಣಿಗೆ ಮಣ್ಣೆರಚಿದ ಹಾಗೆ. ಕತ್ತಲೆಗೆ ಒಗ್ಗಿದ ಕಣ್ಣು ಒಂದು ಕ್ಷಣದ ಬೆಳಕಿಗೆ ಹಾಳಾದರೆ ಮತ್ತೆ ಒಗ್ಗಲು ಅರ್ಧ ಗಂಟೆ ಬೇಕು. ಲೈಟ್ ಬಾರ್ ಊರಲ್ಲೇ ಉಳಿಯಿತು. ಅದರ ಬದಲು ಮಂಕಾಗಿದ್ದ ಹೆಡ್‌ಲೈಟಿನ ಗಾಜು ಉಜ್ಜಿ, ವೈರಿಂಗ್ ಸರಿ ಮಾಡಿ, ದೀಪದ ಕೋನವನ್ನು ಗೋಡೆಗೆ ಹಿಡಿದು ಹೊಂದಿಸಿದೆವು.

ಎರಡನೇ ಸಲ ತೂಗಿದಾಗ 2,120. ಹತ್ತಿರ ಹತ್ತಿರ ಮೂರು ಅಡಿಕೆ ಮೂಟೆ ಇಳಿಸಿದ ಹಾಗಾಯಿತು.

ಎತ್ತರಕ್ಕೆ ಹೋದರೆ ನೀರು ಬೇಗ ಕುದಿಯುತ್ತದೆ

ರೇಡಿಯೇಟರ್ ವಿಷಯ ವಿವರವಾಗಿ ಬರೆಯಲೇಬೇಕು. ಏಕೆಂದರೆ ನಮ್ಮ ಕಡೆ ಬಹಳ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕೂಲೆಂಟ್ ಕಡಿಮೆಯಾದರೆ ಬಾವಿಯ ನೀರು ಸುರಿದು ಮುಂದೆ ಹೋಗುವುದು ನಮ್ಮ ರೂಢಿ. ಡ್ರೈನ್ ತೆಗೆದಾಗ ನಮ್ಮ ಗಾಡಿಯಿಂದ ಬಂದದ್ದು ಕೆಂಪು ಚಹಾದಂಥ ನೀರು.

ಮನಾಲಿಯಿಂದ ಲೇಹ್‌ಗೆ ಹೋಗುವಾಗ ದಾಟಬೇಕಾದ ತಂಗ್ಲಂಗ್ ಲಾ ಎಂಬ ಬೆಟ್ಟದ ಕಣಿವೆದಾರಿಯ ಎತ್ತರ 5,328 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟೇ. ತೆರೆದ ಪಾತ್ರೆಯಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಸಾಮಾನ್ಯವಾಗಿ ಕೆಲಸ ಮಾಡುವ ಬಿಸಿಯೂ ಅದರ ಆಸುಪಾಸಿನಲ್ಲೇ ಇರುತ್ತದೆ. ಹಾಗಿದ್ದರೆ ಗಾಡಿಗಳು ಅಲ್ಲಿ ಕುದಿಯದೆ ಹೇಗೆ ಓಡುತ್ತವೆ? ರೇಡಿಯೇಟರಿನ ಮುಚ್ಚಳದಿಂದ. ಅದರೊಳಗಿನ ಸ್ಪ್ರಿಂಗ್ ಒಳಗಿನ ಒತ್ತಡವನ್ನು ಹೊರಗಿಗಿಂತ ಸುಮಾರು ಒಂದು ಬಾರ್ ಜಾಸ್ತಿ ಇರುವ ಹಾಗೆ ಹಿಡಿದಿಡುತ್ತದೆ. ನಮ್ಮ ಅಡುಗೆ ಮನೆಯ ಕುಕ್ಕರಿನ ಕೆಲಸವೇ. ಆಗ ಕುದಿಯುವ ಬಿಂದು 110 ಡಿಗ್ರಿಯ ಹತ್ತಿರ ಹೋಗುತ್ತದೆ. ಮುಚ್ಚಳದ ರಬ್ಬರ್ ಸತ್ತಿದ್ದರೆ? ಯಲ್ಲಾಪುರದಲ್ಲಿ ಅದು ಗೊತ್ತೇ ಆಗುವುದಿಲ್ಲ. ಇಲ್ಲಿ ನೀರು ತೆರೆದಿದ್ದರೂ 98ಕ್ಕೆ ಕುದಿಯುತ್ತದೆ, ಎಂಜಿನ್‌ಗೆ ಆಸರೆ ಇದೆ. ಬೆಟ್ಟದ ಮೇಲೆ ಆ ಆಸರೆ ಇಲ್ಲ. ನಮ್ಮ ಮುಚ್ಚಳದ ರಬ್ಬರ್ ಉಗುರಿನಿಂದ ಒತ್ತಿದರೆ ಪುಡಿಯಾಗುತ್ತಿತ್ತು.

ರೇಡಿಯೇಟರ್ ಬಿಚ್ಚಿಸಿ ಒಳಗೆ ಸ್ವಚ್ಛ ಮಾಡಿಸಿದೆವು. ಹೊಸ ಮುಚ್ಚಳ, ಹೊಸ ಥರ್ಮೋಸ್ಟಾಟ್, ಮೇಲಿನ ಕೆಳಗಿನ ಹೋಸ್, ಫ್ಯಾನ್ ಬೆಲ್ಟ್. ಕೂಲೆಂಟನ್ನು ಡಿಸ್ಟಿಲ್ಡ್ ನೀರಿನ ಜೊತೆ ಸಮಸಮ ಬೆರೆಸಿ ತುಂಬಿದೆವು. ಆ ಹದದಲ್ಲಿ ಅದು ಮೈನಸ್ 35ರ ಆಚೆಗೂ ಹೆಪ್ಪುಗಟ್ಟುವುದಿಲ್ಲ. ಬರೀ ನೀರಿದ್ದರೆ ಹಾನ್ಲೆಯ ಒಂದೇ ರಾತ್ರಿ ಸಾಕು, ಮಂಜಾಗಿ ಹಿಗ್ಗಿ ಬ್ಲಾಕನ್ನೇ ಸೀಳಿಬಿಡಬಹುದು.

ಎಂಜಿನ್ ಆಯಿಲ್ ಮಾತ್ರ ಬದಲಾಯಿಸಿದ್ದು ಅದೇ ಗ್ರೇಡಿನಲ್ಲಿ, 15ಡಬ್ಲ್ಯೂ-40. ಚಳಿಗೆ ಅಂತ ತೆಳು ಆಯಿಲ್ ಬೇಕು ಅಂತ ಹಲವರು ಹೇಳಿದರು. ಸೆಪ್ಟೆಂಬರಿನಲ್ಲಿ ನಾವು ನೋಡಲಿದ್ದ ಚಳಿಗೆ ಅದು ಬೇಕಾಗಿರಲಿಲ್ಲ.

ಡೀಸೆಲ್ ವಿಷಯ ಬೇರೆ. ಬಯಲು ಸೀಮೆಯ ಪಂಪಿನಲ್ಲಿ ಸಿಗುವ ಡೀಸೆಲ್ ಚಳಿಗೆ ಮೇಣ ಕಟ್ಟುತ್ತದೆ. ತೆಂಗಿನ ಎಣ್ಣೆ ಚಳಿಗಾಲದಲ್ಲಿ ಬಾಟಲಿಯಲ್ಲಿ ಗಟ್ಟಿಯಾಗುವುದಿಲ್ಲವೇ, ಹಾಗೆ. ಬೇಸಿಗೆ ಡೀಸೆಲ್ 18 ಡಿಗ್ರಿಯಲ್ಲಿ, ಚಳಿಗಾಲದ್ದು 6 ಡಿಗ್ರಿಯಲ್ಲಿ ಫಿಲ್ಟರ್ ದಾಟುವಂತಿದ್ದರೆ ಸಾಕು ಎನ್ನುತ್ತದೆ ಬಿಐಎಸ್ ಮಾನದಂಡ. ಅದಕ್ಕಿಂತ ಕೆಳಗೆ ಖಾತರಿಯಿಲ್ಲ. ಲಡಾಖಿನ ಚಳಿಗಾಲಕ್ಕಾಗಿಯೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33ರವರೆಗೂ ಹರಿಯುವ ಡೀಸೆಲ್ ತಂದಿದೆ. ಹಾಗಾಗಿ ನಮ್ಮ ನಿಯಮ ಸರಳ: ಇಂದೋರಿನಲ್ಲೋ ಜೈಪುರದಲ್ಲೋ ಕ್ಯಾನ್ ತುಂಬಿಸಿ ಸುಮ್ನೆ ಹೊತ್ತುಕೊಂಡು ಹೋಗುವುದು ಬೇಡ. ಟ್ಯಾಂಕ್ 60 ಲೀಟರ್. ಬೆಟ್ಟದಲ್ಲಿ ಲೀಟರಿಗೆ ಹತ್ತು ಕಿಲೋಮೀಟರ್ ಅಂತ ಹಿಡಿದರೆ 600. ಮನಾಲಿ ದಾಟಿದ ಮೇಲೆ ಸಿಗುವ ತಾಂಡಿಯ ಪಂಪಿನ ಹತ್ತಿರದ ಬೋರ್ಡು ಮುಂದಿನ ಪಂಪ್ 365 ಕಿಲೋಮೀಟರ್ ದೂರ ಅನ್ನುತ್ತದೆ. ಅದಕ್ಕೆ ಟ್ಯಾಂಕೇ ಸಾಕು. ಕ್ಯಾನ್ ಬೇಕಾಗುವುದು ಲೇಹ್‌ನಿಂದ ಹಾನ್ಲೆಗೆ ಹೋಗಿ, ಅಲ್ಲಿ ಸುತ್ತಾಡಿ ಬರುವ 700 ಕಿಲೋಮೀಟರಿಗೆ. ಆ 20 ಲೀಟರನ್ನು ಲೇಹ್‌ನಲ್ಲೇ ತುಂಬಿಸಿದೆವು.

ಅರಬೈಲ್ ಘಟ್ಟದ ಪರೀಕ್ಷೆ

ಯಲ್ಲಾಪುರದಿಂದ ಅಂಕೋಲಾ ಕಡೆ ಇಳಿಯುವ ಅರಬೈಲ್ ಘಟ್ಟ ಲಾರಿ ಡ್ರೈವರುಗಳಿಗೆ ಚೆನ್ನಾಗಿ ಗೊತ್ತು. ಜುಲೈನಲ್ಲಿ, ಬ್ರೇಕಿಗೆ ಇನ್ನೂ ಕೈ ಹಾಕುವ ಮೊದಲು, ಗಾಡಿಗೆ ಐದು ಕ್ವಿಂಟಲ್ ಮೂಟೆ ಹೇರಿ ಇಳಿಸಿದೆ. ನಾನು ದಿನಾ ಓಡಿಸುವ ಹಾಗೇ ನಾಲ್ಕನೇ ಗೇರಿನಲ್ಲಿ, ಬ್ರೇಕ್ ಒತ್ತುತ್ತಾ. ಅರ್ಧ ಇಳಿಯುವ ಹೊತ್ತಿಗೆ ಸುಟ್ಟ ವಾಸನೆ ಬಂತು. ಆಮೇಲೆ ಒಂದು ತಿರುವಿನಲ್ಲಿ ಪೆಡಲ್ ಒತ್ತಿದರೆ ಕಾಲು ಹಿಟ್ಟಿನಲ್ಲಿ ಇಳಿದ ಹಾಗೆ ಮೆತ್ತಗೆ ಒಳಗೆ ಹೋಯಿತು. ಎದೆ ಝಲ್ಲೆಂದಿತು. ಮೂರು, ಎರಡು ಅಂತ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆಯುತ್ತಾ ಅಂಚಿಗೆ ನಿಲ್ಲಿಸಿದೆ.

ಕಾರಣ ಬ್ರೇಕ್ ಆಯಿಲ್. ಅದು ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯುವುದಿಲ್ಲ. ನೀರು ಸೇರಿದ ಮೇಲೆ ಅದು 140ರ ಹತ್ತಿರಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ, ಆವಿಯನ್ನು ಒತ್ತಿದರೆ ಅದು ಬರೀ ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ನಮ್ಮ ಮಳೆಯ ಊರಲ್ಲಿ ಆರು ವರ್ಷ ಬದಲಾಯಿಸದ ಆಯಿಲ್ ಜೋನಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದದ್ದು. ತಪ್ಪು ನನ್ನದೇ.

ಆಯಿಲ್ ಪೂರ್ತಿ ಬದಲಾಯಿಸಿ ಗಾಳಿ ತೆಗೆದದ್ದು, ಮುಂದಿನ ಪ್ಯಾಡ್, ಹಿಂದಿನ ಡ್ರಮ್ಮಿನ ಲೈನರ್, ವೀಲ್ ಬೇರಿಂಗಿಗೆ ಹೊಸ ಗ್ರೀಸ್. ಆಮೇಲೆ ಅದೇ ಭಾರ, ಅದೇ ಘಟ್ಟ. ಈ ಸಲ ಮೇಲಿನಿಂದಲೇ ಎರಡನೇ ಗೇರು. ಎಂಜಿನ್ನೇ ಗಾಡಿಯನ್ನು ಹಿಡಿಯಿತು. ಕೆಳಗೆ ರಾಮನಗುಳಿಯಲ್ಲಿ ನಿಲ್ಲಿಸಿ ಚಕ್ರದ ಹತ್ತಿರ ಕೈ ಇಟ್ಟರೆ ಬೆಚ್ಚಗಿತ್ತು, ಅಷ್ಟೇ. ತಮ್ಮನೂ ಹೀಗೇ ಮೂರು ಸಲ ಇಳಿಸಿದ. ಮನಾಲಿ ದಾರಿಯಲ್ಲಿ ಅವನೇ ಜಾಸ್ತಿ ಓಡಿಸಿದ್ದು.

ವಾಪಸ್ ಹತ್ತುವಾಗ ಕನ್ನಡಿಯಲ್ಲಿ ಸ್ವಲ್ಪ ಕಪ್ಪು ಹೊಗೆ ಕಂಡಿತು. ಲೋಡ್ ಇದೆಯಲ್ಲ, ಇರಲಿ ಅಂದುಕೊಂಡೆವು. ಈ ಮಾತು ನೆನಪಿಟ್ಟುಕೊಳ್ಳಿ.

ಟೈರು, ಬಿಡಿಭಾಗ, ಕಾಗದ

ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. ನಮ್ಮವುಗಳಲ್ಲಿ 2317 ಅಂತಿತ್ತು: 2017ರ 23ನೇ ವಾರ ತಯಾರಾದದ್ದು. ಗೀರು ಇನ್ನೂ ಆಳವಾಗಿತ್ತು, ಆದರೆ ಪಕ್ಕದಲ್ಲಿ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಐದೂ ಬದಲಾಯಿಸಿದೆವು. ಅದೇ ಅಳತೆ, 215/75 ಆರ್15. ದಪ್ಪ ಗಡ್ಡೆಯ ಆಫ್‌ರೋಡ್ ಟೈರು ಬೇಡ ಅಂತ ನಾನೇ ನಿರ್ಧರಿಸಿದೆ. ಹೋಗುವ ದಾರಿಯಲ್ಲಿ ಬಹುಪಾಲು ಡಾಂಬರು. ಈ ವಿಷಯದಲ್ಲಿ ಬೇರೆಯವರ ಅಭಿಪ್ರಾಯ ಬೇರೆ ಇರಬಹುದು; ನನಗೆ ನಮ್ಮ ಆಯ್ಕೆ ಈಗಲೂ ಸರಿ ಅನ್ನಿಸುತ್ತದೆ.

ಬಿಡಿಭಾಗಗಳ ಡಬ್ಬಿ ಚಿಕ್ಕದೇ. ಎರಡು ಡೀಸೆಲ್ ಫಿಲ್ಟರ್, ಒಂದು ಏರ್ ಫಿಲ್ಟರ್, ಬೆಲ್ಟ್, ಹಳೆಯದಾದರೂ ಗಟ್ಟಿ ಇದ್ದ ಒಂದು ರೇಡಿಯೇಟರ್ ಹೋಸ್, ಬಲ್ಬು, ಫ್ಯೂಸು, ಬೇರೆ ಬೇರೆ ಅಳತೆಯ ಹೋಸ್ ಕ್ಲಾಂಪು, ಎಂ-ಸೀಲ್, ತಂತಿ, ಒಂದು ಹಳೆಯ ಸೈಕಲ್ ಟ್ಯೂಬು. ಸೈಕಲ್ ಟ್ಯೂಬ್ ಇಟ್ಟದ್ದು ಮೆಕ್ಯಾನಿಕ್. "ಇದಕ್ಕೆ ತೂಕ ಇಲ್ಲ, ಇರಲಿ" ಅಂದರು. ಕಾಗದದಲ್ಲಿ ಇನ್ಶೂರೆನ್ಸ್, ಹೊಗೆ ತಪಾಸಣೆ, ಆ ವರ್ಷ ಎಲ್ಲರೂ ಓಡಾಡುತ್ತಿದ್ದ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್. ಹಾನ್ಲೆಗೆ ಬೇಕಾದ ಪರ್ಮಿಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಹೊರಗಿನ ಪ್ರಿಪೇಯ್ಡ್ ಸಿಮ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ ಒಂದು ನಂಬರನ್ನು ಪೋಸ್ಟ್‌ಪೇಯ್ಡ್ ಮಾಡಿಸಿದೆವು.

ದಾರಿಯಲ್ಲಿ ಆದದ್ದು

ಚೌತಿ ಮುಗಿಸಿ, ಸೆಪ್ಟೆಂಬರ್ 19ರ ಬೆಳಗಿನ ಜಾವ ಹೊರಟೆವು. ಮನಾಲಿವರೆಗೆ ಬರೆಯುವಂಥದ್ದೇನೂ ಆಗಲಿಲ್ಲ. 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿ, ತಾಂಡಿಯಲ್ಲಿ ಟ್ಯಾಂಕ್ ತುಂಬಿಸಿ, ಜಿಸ್ಪಾದಲ್ಲಿ ಮಲಗಿದೆವು. ಸರ್ಚುವಿನಲ್ಲಿ ಮಲಗಬಾರದು ಅಂತ ಮೊದಲೇ ತೀರ್ಮಾನವಾಗಿತ್ತು. ಅದು 4,200 ಮೀಟರಿನ ಮೇಲಿದೆ, ಒಗ್ಗದ ದೇಹಕ್ಕೆ ಅಲ್ಲಿ ರಾತ್ರಿ ಕಷ್ಟ.

ಮರುದಿನ ಬಾರಾಲಾಚಾ ಲಾ ಎಂಬ ಕಣಿವೆದಾರಿ ಹತ್ತುವಾಗ ಗಾಡಿ ಸೋತಿತು. ಎರಡನೇ ಗೇರಿನಲ್ಲೂ ಎಳೆಯಲಿಲ್ಲ. ಹಿಂದೆ ದಟ್ಟ ಕಪ್ಪು ಹೊಗೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಾನೆಟ್ಟಿನ ಕೆಳಗೆ ಭುಸ್ ಅನ್ನುವ ಸದ್ದು. ನಿಲ್ಲಿಸಿ ನೋಡಿದರೆ, ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪಿನ ತುದಿ ಅರ್ಧ ಜಾರಿ ಬಂದಿತ್ತು. ವರ್ಷಗಟ್ಟಲೆ ಆಯಿಲ್ ಸೋಂಕಿ ರಬ್ಬರ್ ಮೆತ್ತಗಾಗಿ, ತುದಿಯಲ್ಲಿ ಒಂದು ಸೀಳು.

ರೇಡಿಯೇಟರಿನ ಎಲ್ಲ ಹೋಸ್ ಬದಲಾಯಿಸಿದ ನಾವು ಇದೊಂದನ್ನು ಮುಟ್ಟಿರಲಿಲ್ಲ. ಅರಬೈಲಿನಲ್ಲಿ ಕಂಡ ಹೊಗೆ ಇದರದ್ದೇ. ಅಲ್ಲಿ ಗಾಳಿ ಧಾರಾಳ, ಸ್ವಲ್ಪ ಸೋರಿದರೂ ಎಂಜಿನ್ನಿಗೆ ಸಾಕಾಗುತ್ತಿತ್ತು. ಇಲ್ಲಿ ಇರುವ ಗಾಳಿಯೇ ಹೆಚ್ಚುಕಮ್ಮಿ ಅರ್ಧ. ತೆಳುವಾದ ಗಾಳಿಯನ್ನು ಒತ್ತಿ ತುಂಬುವುದೇ ಟರ್ಬೊ ಕೆಲಸ, ಅದರ ದಾರಿಯಲ್ಲೇ ತೂತು. ಡೀಸೆಲ್ ಮಾತ್ರ ಹೋಗಿ, ಗಾಳಿ ಸಾಲದೆ ಅರೆಬರೆ ಉರಿದು ಹೊಗೆಯಾಗುತ್ತಿತ್ತು.

ಸೀಳಿದ ತುದಿಯನ್ನು ಒಂದು ಬೆರಳಗಲ ಕತ್ತರಿಸಿ, ಒಳಗಿನ ಆಯಿಲ್ ಒರೆಸಿ, ಪೈಪನ್ನು ಎಳೆದು ಕೂರಿಸಿ, ಡಬ್ಬಿಯಲ್ಲಿದ್ದ ಎರಡು ಕ್ಲಾಂಪ್ ಬಿಗಿದು, ಮೇಲೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿದೆವು. ಊರಲ್ಲಿ ಹತ್ತು ನಿಮಿಷದ ಕೆಲಸ. ಅಲ್ಲಿ ಮುಕ್ಕಾಲು ಗಂಟೆ. ಸ್ಕ್ರೂ ನಾಲ್ಕು ಸುತ್ತು ತಿರುಗಿಸಿ ಏದುಸಿರು ಬಿಡುತ್ತಾ ಕೂರಬೇಕು. ಆದರೆ ಎಂಜಿನ್ ಹಚ್ಚಿದಾಗ ಹೊಗೆ ನಿಂತಿತ್ತು. ಅಂದು ಗಾಟಾ ಲೂಪ್ಸ್‌ನ 21 ತಿರುವನ್ನೂ, ತಂಗ್ಲಂಗ್ ಲಾವನ್ನೂ ಆ ಪಟ್ಟಿಯ ಮೇಲೆಯೇ ಹತ್ತಿದೆವು. ಲೇಹ್‌ನಲ್ಲಿ ಬೊಲೆರೊಗಳು ಸಾಕಷ್ಟಿವೆ; ಮರುದಿನವೇ ಹೊಸ ಪೈಪ್ ಸಿಕ್ಕಿತು.

ತಂಗ್ಲಂಗ್ ಲಾ ಮೇಲೆ ಟೈರಿನ ಒತ್ತಡ ನೋಡಿದೆವು. ಪಟಿಯಾಲದಲ್ಲಿ ಹಾಕಿಸಿದ್ದು 32, ಇಲ್ಲಿ 38! ತಮ್ಮ ಗಾಳಿ ಬಿಡಲು ಹೊರಟ. ಮೇಷ್ಟ್ರು ತಡೆದ. ಹೊರಗಿನ ಒತ್ತಡ ಇಳಿದಿದೆ, ಅದಕ್ಕೆ ಮೀಟರು ಏರಿದೆ, ಓಡಿದ ಬಿಸಿಯೂ ಸೇರಿದೆ. ಚಳಿಗೆ ಮತ್ತೆ ಇಳಿಯುತ್ತದೆ, ಬಿಡಬೇಡ ಅಂದ. ಹಾನ್ಲೆಯಲ್ಲಿ ಬೆಳಗಿನ ಚಳಿಯಲ್ಲಿ ಹಿಡಿದು ನೋಡಿದರೆ 32ರ ಮೇಲೆ ಒಂದು ಕೂದಲೆಳೆ.

ಹಾನ್ಲೆ

ಲೇಹ್‌ನಲ್ಲಿ ಮೂರು ದಿನ ಸುಮ್ಮನೆ ಕೂತು ದೇಹ ಒಗ್ಗಿಸಿಕೊಂಡು 29ಕ್ಕೆ ಹಾನ್ಲೆ ತಲುಪಿದೆವು. ಅಲ್ಲಿಂದ ಉಮ್ಲಿಂಗ್ ಲಾ ಎಂಬ ಇನ್ನೂ ಎತ್ತರದ ಕಣಿವೆದಾರಿಗೆ, 19,024 ಅಡಿಗೆ, ಹೋಗುವ ಯೋಚನೆ ಇತ್ತು. ಗಾಡಿ ಹತ್ತುತ್ತಿತ್ತು ಅಂತ ನನಗೆ ನಂಬಿಕೆ ಇದೆ. ತಮ್ಮನ ತಲೆನೋವು ಇಳಿದಿರಲಿಲ್ಲ, ಬೆರಳಿಗೆ ಹಾಕುವ ಮೀಟರಿನಲ್ಲಿ ಆಮ್ಲಜನಕ ಕಡಿಮೆ ತೋರಿಸುತ್ತಿತ್ತು. ಹೋಗಲಿಲ್ಲ.

ಅಕ್ಟೋಬರ್ 1, ಬೆಳಿಗ್ಗೆ ನಾಲ್ಕೂವರೆ. ಗಾಜಿನ ಮೇಲೆ ಮಂಜು ಕಟ್ಟಿತ್ತು. ಕೀ ಒಂದು ಹಂತ ತಿರುಗಿಸಿ, ಹೀಟರ್ ದೀಪ ಆರುವವರೆಗೆ ಕಾದು, ಮತ್ತೆ ಆಫ್ ಮಾಡಿ, ಇನ್ನೊಮ್ಮೆ ಹಾಗೇ ಕಾದು ಸ್ಟಾರ್ಟ್ ಮಾಡಿದೆ. ಒಂದೆರಡು ಕ್ಷಣ ಭಾರವಾಗಿ ತಿರುಗಿ ಹತ್ತಿಕೊಂಡಿತು. ಪಾರ್ಕಿಂಗ್ ದೀಪದ ಬೆಳಕಲ್ಲೇ ನಡಿಗೆಯ ವೇಗದಲ್ಲಿ ಊರಾಚೆ ಬಂದು ಎಂಜಿನ್ ಆಫ್ ಮಾಡಿದೆವು. ತಲೆಯ ಮೇಲೆ ನಕ್ಷತ್ರ ಎಷ್ಟಿದ್ದವು ಅಂದರೆ ಪರಿಚಯದ ಮೃಗಶಿರವನ್ನೂ ಹುಡುಕಬೇಕಾಯಿತು. ಸ್ವಲ್ಪ ಹೊತ್ತಿಗೆ ಪೂರ್ವದ ಬೆಟ್ಟಸಾಲಿನ ಮೇಲೆ, ಬೆಳಗಿನ ಮೊದಲ ಬಿಳುಪಿನಲ್ಲಿ, ಒಂದು ಸಣ್ಣ ಬೆಳಕಿನ ಗೆರೆ ನೆಟ್ಟಗೆ ಎದ್ದು ಬಂತು. ಮೇಷ್ಟ್ರು ಏನೂ ಮಾತಾಡಲಿಲ್ಲ. ಕೈಗವಸು ತೆಗೆದು ಕಣ್ಣು ಒರೆಸಿಕೊಂಡ.

ವಾಪಸ್ ಬಂದ ಮೇಲೆ

ಅಕ್ಟೋಬರ್ 11ಕ್ಕೆ ಮನೆ. ಒಟ್ಟು 7,160 ಕಿಲೋಮೀಟರ್. ಪಂಕ್ಚರ್ ಒಂದು, ಕೋಟಾದ ಹತ್ತಿರ, ಒಳ್ಳೆಯ ಹೆದ್ದಾರಿಯಲ್ಲಿ. ಮೆಕ್ಯಾನಿಕ್ ಗಾಡಿಯನ್ನು ಮತ್ತೆ ಗುಂಡಿಯ ಮೇಲೆ ನಿಲ್ಲಿಸಿಕೊಂಡರು. ಏರ್ ಫಿಲ್ಟರ್ ಬಡಿದರೆ ಮುಷ್ಟಿ ತುಂಬ ಬಿಳಿ ದೂಳು. ಮುಂದಿನ ಎಡಗಡೆಯ ಶಾಕ್ ಅಬ್ಸಾರ್ಬರ್ ಸೋರಲು ಶುರುವಾಗಿತ್ತು. ಬ್ರೇಕ್ ಪ್ಯಾಡ್ ಕಾಲು ಭಾಗ ಕೂಡ ಸವೆದಿರಲಿಲ್ಲ. ಹೊಸ ಬ್ರಾಕೆಟ್ಟಿನ ವೆಲ್ಡಿಂಗ್ ಮೇಲೆ ಬಣ್ಣ ಸಹ ಬಿರಿದಿರಲಿಲ್ಲ. ಅವರು ಟರ್ಬೊ ಪೈಪಿನ ಮೇಲೆ ಸುತ್ತಿದ್ದ ಸೈಕಲ್ ಟ್ಯೂಬಿನ ಪಟ್ಟಿ ಎಲ್ಲಿ ಅಂತ ಕೇಳಿದರು. ಡಬ್ಬಿಯಿಂದ ತೆಗೆದು ಕೊಟ್ಟೆ. ಎಳೆದು ನೋಡಿ, ಗೋಡೆಯ ಮೊಳೆಗೆ ನೇತುಹಾಕಿದರು. ಆಮೇಲೆ ತಮ್ಮ ಪುಸ್ತಕದಲ್ಲಿ, ಗಾಡಿ ಬಂದಾಗ ನೋಡಬೇಕಾದವುಗಳ ಸಾಲಿನ ಕೊನೆಗೆ, ಪೆನ್ಸಿಲಿನಲ್ಲಿ ಬರೆದುಕೊಂಡರು: ಟರ್ಬೊ ಪೈಪು.